ಕಾರಿನ ಬಾಯಿ ಕಟ್ಟಬೇಡಿ

ಬೆರಳುದ್ದದ ಒಂದು ಲೋಹದ ತುಂಡು. ಸೀಟ್ ಬೆಲ್ಟಿನ ಬಕಲ್ಲಿಗೆ ಅದನ್ನು ಸಿಕ್ಕಿಸಿದರೆ ಸಾಕು, ಕಾರು ಕೂಗುವುದನ್ನು ನಿಲ್ಲಿಸುತ್ತದೆ. ಬೆಲ್ಟ್ ಹಾಕಿದ್ದಾರೆಂದು ಅದು ನಂಬುತ್ತದೆ. ಬೆಲ್ಟು ಮಾತ್ರ ಪಕ್ಕದ ಕಂಬದಲ್ಲಿ ಮಡಚಿಕೊಂಡೇ ಇರುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಈ ಕ್ಲಿಪ್ಪುಗಳನ್ನು ಮಾರುತ್ತಿದ್ದ ಐದು ಆನ್‌ಲೈನ್ ಕಂಪನಿಗಳ ವಿರುದ್ಧ ಆದೇಶ ಹೊರಡಿಸಿತು. ಆಗ ಜಾಲತಾಣಗಳಿಂದ ತೆಗೆದುಹಾಕಿದ ಮಾರಾಟದ ಪಟ್ಟಿಗಳ ಸಂಖ್ಯೆ 13,118. ಕೆಲವರು ಇದನ್ನು ಬಾಟಲಿ ಓಪನರ್ ಎಂದೂ ಸಿಗರೇಟ್ ಲೈಟರ್ ಎಂದೂ ಮರೆಮಾಚಿ ಮಾರುತ್ತಿದ್ದರಂತೆ. ತಪ್ಪೆಂದು ಗೊತ್ತಿಲ್ಲದವನು ಹೆಸರು ಬದಲಿಸಿ ಮಾರುವುದಿಲ್ಲ. ಕೊಂಡವನಿಗೂ ತಾನು ಕೊಳ್ಳುತ್ತಿರುವುದು ಏನೆಂದು ಚೆನ್ನಾಗಿ ಗೊತ್ತಿತ್ತು.

ಅದರ ಹಿಂದಿನ ವರ್ಷ, ಅಂದರೆ 2022ರಲ್ಲಿ, ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಇದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಕೊಡುವ ಲೆಕ್ಕ. ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ: ಸತ್ತವರಲ್ಲಿ ಸೀಟ್ ಬೆಲ್ಟ್ ಹಾಕದೆ ಇದ್ದವರು 16,715 ಮಂದಿ. ಅವರಲ್ಲಿ ಚಾಲಕರು 8,384, ಪ್ರಯಾಣಿಕರು 8,331. ಹೆಚ್ಚುಕಡಿಮೆ ಸಮಸಮ. ಸ್ಟಿಯರಿಂಗ್ ಹಿಡಿದವನಷ್ಟೇ, ಪಕ್ಕದಲ್ಲೋ ಹಿಂದೆಯೋ ಕೂತು ಕಡಲೆಕಾಯಿ ಸುಲಿಯುತ್ತಿದ್ದವರೂ ಸತ್ತಿದ್ದಾರೆ. ಅಷ್ಟೂ ಮನೆಗಳಲ್ಲಿ ಒಂದು ಪಟ್ಟಿಯನ್ನು ಎದೆಯ ಮೇಲೆ ಎಳೆದುಕೊಳ್ಳುವ ಎರಡು ಸೆಕೆಂಡಿನ ಕೆಲಸ ಉಳಿದುಹೋಗಿತ್ತು.

ನಾನು ಈ ಲೇಖನ ಬರೆಯಲು ಕೂತದ್ದು ಸಿಟ್ಟಿನಿಂದ, ಅದನ್ನು ಮುಚ್ಚಿಡುವುದಿಲ್ಲ. ಕಾರು ಕೊಳ್ಳುವಾಗ ನಾವು ಎಷ್ಟು ಏರ್‌ಬ್ಯಾಗ್, ಎಷ್ಟು ಸ್ಟಾರ್, ಸನ್‌ರೂಫ್ ಇದೆಯೇ ಎಂದು ಗಂಟೆಗಟ್ಟಲೆ ವಿಚಾರಿಸುತ್ತೇವೆ. ಮನೆಗೆ ತಂದು, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಟ ಮೇಲೆ ಆ ಕಾರು ನಮಗೆ ಹೇಳುವ ಒಂದು ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಅದು ದೀಪ ಉರಿಸಿ ಹೇಳುತ್ತದೆ, ಸದ್ದು ಮಾಡಿ ಹೇಳುತ್ತದೆ, ಬ್ರೇಕ್ ಪೆಡಲ್ ನಡುಗಿಸಿ ಹೇಳುತ್ತದೆ. ನಾವೋ, ರಾತ್ರಿ ಬೊಗಳುವ ಕಾವಲು ನಾಯಿಯ ಬಾಯಿ ಕಟ್ಟಿ ಮಲಗುವವರಂತೆ, ಅದರ ಬಾಯಿ ಮುಚ್ಚಿಸುವ ಉಪಾಯ ಹುಡುಕುತ್ತೇವೆ.

ಬೆಲ್ಟಿನ ವಿಷಯವನ್ನೇ ಮೊದಲು ಮುಗಿಸುತ್ತೇನೆ, ಏಕೆಂದರೆ ಅತಿ ಹೆಚ್ಚು ಸುಳ್ಳು ನಂಬಿಕೆಗಳಿರುವುದು ಇಲ್ಲಿಯೇ. ಮೂರು ಕಡೆ ಬಿಗಿಯುವ ಇಂದಿನ ಬೆಲ್ಟನ್ನು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಲೀನ್ ರೂಪಿಸಿದ್ದು 1959ರ ಸುಮಾರಿಗೆ. ಕಂಪನಿ ಅದರ ಪೇಟೆಂಟನ್ನು ಉಳಿದ ತಯಾರಕರಿಗೂ ಬಿಟ್ಟುಕೊಟ್ಟಿತು. ಅರುವತ್ತು ವರ್ಷ ದಾಟಿದರೂ ಕಾರಿನೊಳಗೆ ಅದಕ್ಕಿಂತ ಹೆಚ್ಚು ಜೀವ ಉಳಿಸುವ ವಸ್ತು ಬಂದಿಲ್ಲ. ಏರ್‌ಬ್ಯಾಗ್ ಇದೆಯಲ್ಲ, ಬೆಲ್ಟ್ ಯಾಕೆ ಎನ್ನುವವರಿಗೆ ಒಂದು ಮಾತು. ಡಿಕ್ಕಿಯಾದ ಮೇಲೆ ಏರ್‌ಬ್ಯಾಗ್ ಪೂರ್ತಿ ಉಬ್ಬಲು ಬೇಕಾಗುವುದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕೂ ಕಡಿಮೆ ಹೊತ್ತು. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಕಾಲ ಬೇಕು. ಅಷ್ಟು ಬಿರುಸಾಗಿ ಬರುವ ಚೀಲ, ಬೆಲ್ಟು ಹಿಡಿದು ನಿಲ್ಲಿಸಿದ ದೇಹವನ್ನು ಕಾಪಾಡಲು ಲೆಕ್ಕ ಹಾಕಿ ಮಾಡಿದ್ದು. ಬೆಲ್ಟಿಲ್ಲದ ದೇಹ ಅಷ್ಟರಲ್ಲಿ ಮುಂದಕ್ಕೆ ಚಿಮ್ಮಿ ಆಗಿರುತ್ತದೆ. ಉಬ್ಬುತ್ತಿರುವ ಚೀಲ ಅದರ ಮುಖಕ್ಕೆ, ಕುತ್ತಿಗೆಗೆ ಗುದ್ದುತ್ತದೆ. ಸ್ಟಿಯರಿಂಗಿನ ನಡುಭಾಗಕ್ಕೂ ಎದೆಗೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಲಿ ಎನ್ನುವುದು ಈ ಕಾರಣಕ್ಕೆ. ಬೆಲ್ಟಿನ ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಗರ್ಭಿಣಿಯರೂ ಹಾಕಿಕೊಳ್ಳಬೇಕು, ಕೆಳಪಟ್ಟಿ ಹೊಟ್ಟೆಯ ಕೆಳಗೆ ಬರುವಂತೆ. ಕುತ್ತಿಗೆಗೆ ತಾಗುತ್ತದೆಂದು ಮೇಲಿನ ಪಟ್ಟಿಯನ್ನು ಕಂಕುಳಡಿ ತೂರಿಸಿಕೊಳ್ಳುವವರಿದ್ದಾರೆ. ಡಿಕ್ಕಿಯಲ್ಲಿ ಅದು ಪಕ್ಕೆಲುಬನ್ನು ಮುರಿಯುತ್ತದೆ. ಪಟ್ಟಿಯ ಎತ್ತರ ಹೊಂದಿಸುವ ಗುಂಡಿ ಅನೇಕ ಕಾರುಗಳ ಕಂಬದಲ್ಲೇ ಇದೆ, ಒಮ್ಮೆ ಕೈಯಿಟ್ಟು ನೋಡಿ.

ಹಿಂದಿನ ಸೀಟಿನವರಿಗೆ ಬೆಲ್ಟ್ ಬೇಡ ಎಂಬ ನಂಬಿಕೆ ಎಷ್ಟು ಜೀವ ತಿಂದಿದೆಯೋ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಬಹಳ ಸುರಕ್ಷಿತವೆಂದು ಹೆಸರಾದ ದುಬಾರಿ ಕಾರು ಅದು. ಮುಂದೆ ಕೂತ ಇಬ್ಬರು ಗಾಯಗೊಂಡು ಬದುಕಿದರು, ಹಿಂದೆ ಕೂತ ಇಬ್ಬರು ಸತ್ತರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ಹೇಳಿದರು. ಆಗ ಒಂದು ವಾರ ದೇಶವೆಲ್ಲ ಹಿಂದಿನ ಬೆಲ್ಟಿನ ಬಗ್ಗೆ ಮಾತಾಡಿತು. ಆಮೇಲೆ ಮರೆಯಿತು. ಮದುವೆ ಸೀಸನ್ನಿನಲ್ಲಿ ಹೊರಡುವ ಯಾವುದೇ ಇನೋವಾದೊಳಗೆ ಇಣುಕಿದರೆ ಹಿಂದಿನ ಬಕಲ್ಲುಗಳು ಸೀಟ್ ಕವರಿನ ಅಡಿ ಹೂತುಹೋಗಿರುವುದು ಕಾಣುತ್ತದೆ. ಬೆಲ್ಟ್ ಹಾಕಬೇಕೆಂದು ಮನಸ್ಸು ಮಾಡಿದವನಿಗೂ ಹಾಕಲು ಜಾಗವಿಲ್ಲ! ಕವರ್ ಹೊಲಿಯುವವರನ್ನು ಕೇಳಿದರೆ ಗಿರಾಕಿ ಹೇಳಿದ್ದೇ ಹಾಗೆ ಎನ್ನುತ್ತಾರೆ. ಬೆಲ್ಟಿಲ್ಲದ ಹಿಂದಿನವನು ಡಿಕ್ಕಿಯಲ್ಲಿ ಮುಂದಿನ ಸೀಟಿಗೆ ಅಪ್ಪಳಿಸಿ, ಬೆಲ್ಟ್ ಹಾಕಿ ಕೂತ ಮುಂದಿನವನನ್ನೂ ಕೊಲ್ಲಬಲ್ಲ.

ಇನ್ನು ಮಕ್ಕಳು. ಇದನ್ನು ಬರೆಯುವಾಗ ಕೈ ಬಿಗಿಯುತ್ತದೆ. ಮುಂದಿನ ಸೀಟಿನಲ್ಲಿ ತಾಯಿಯ ಮಡಿಲಲ್ಲಿ ಕೂಸು, ಅಪ್ಪನ ತೊಡೆಯ ಮೇಲೆ ಕೂತು ಸ್ಟಿಯರಿಂಗ್ ಹಿಡಿದ ಮೂರು ವರ್ಷದ ಪೋರ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತೇವೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಏನಕ್ಕೋ ಗುದ್ದಿ ತಟ್ಟನೆ ನಿಂತಾಗ ಹತ್ತು ಕಿಲೋ ತೂಕದ ಮಗು ನೂರು ಕಿಲೋಗೂ ಮೀರಿದ ಭಾರವಾಗಿ ಮುನ್ನುಗ್ಗುತ್ತದೆ. ಯಾವ ತಾಯಿಯ ತೋಳಿಗೂ ಅದನ್ನು ತಡೆಯುವ ಶಕ್ತಿಯಿಲ್ಲ. ಪ್ರೀತಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೂಸು ಮುಂದಿದ್ದು, ತಾಯಿ ಹಿಂದಿದ್ದು, ಎದುರಿನಿಂದ ಏರ್‌ಬ್ಯಾಗ್ ಸಿಡಿದರೆ ಏನಾಗುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಕೂರಿಸದಿದ್ದರೆ 1,000 ರೂಪಾಯಿ ದಂಡವೆಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಇಂದಿನ ಬಹುತೇಕ ಕಾರುಗಳ ಹಿಂದಿನ ಸೀಟಿನ ಸಂದಿಯಲ್ಲಿ ಮಕ್ಕಳ ಸೀಟು ಸಿಕ್ಕಿಸಲು ಐಸೋಫಿಕ್ಸ್ ಕೊಕ್ಕೆಗಳಿವೆ. ಅವು ಇರುವುದೇ ಗೊತ್ತಿಲ್ಲದೆ ಕಾರು ಮಾರಿ ಇನ್ನೊಂದು ಕೊಂಡವರಿದ್ದಾರೆ. ಸನ್‌ರೂಫಿನಿಂದ ಮಕ್ಕಳನ್ನು ಹೊರಗೆ ನಿಲ್ಲಿಸುವವರಿಗೆ ಹೇಳಲು ನನ್ನಲ್ಲಿ ಮೃದುವಾದ ಮಾತೇ ಇಲ್ಲ.

ಈಗ ಮೀಟರಿನ ಕಡೆ ಬನ್ನಿ. ಕೀಲಿ ತಿರುಗಿಸಿದ ಕೂಡಲೇ, ಎಂಜಿನ್ ಶುರುವಾಗುವ ಮುನ್ನ, ಕೆಂಪು, ಹಳದಿ ದೀಪಗಳು ಸಾಲಾಗಿ ಹೊತ್ತಿಕೊಂಡು ಕೆಲವು ಕ್ಷಣಗಳಲ್ಲಿ ಆರುತ್ತವೆ. ಅದು ಅಲಂಕಾರವಲ್ಲ, ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಹೊತ್ತು. ಆರದೆ ಉಳಿದ ದೀಪ ದೋಷ ಹೇಳುತ್ತದೆ ಎಂದು ಎಲ್ಲರಿಗೂ ಗೊತ್ತು. ಹೊತ್ತಿಕೊಳ್ಳಲೇಬೇಕಾದ ದೀಪ ಹೊತ್ತದೇ ಇದ್ದರೆ ಅದು ಇನ್ನೂ ದೊಡ್ಡ ಅಪಾಯವೆಂದು ಬಹಳ ಮಂದಿಗೆ ಗೊತ್ತಿಲ್ಲ. ಹಳೆಯ ಕಾರಿನ ವ್ಯಾಪಾರದಲ್ಲಿ ಕೊಳಕು ಕೆಲಸವೊಂದು ನಡೆಯುತ್ತದೆ: ಒಮ್ಮೆ ಅಪಘಾತದಲ್ಲಿ ಸಿಡಿದ ಏರ್‌ಬ್ಯಾಗನ್ನು ಹೊಸದಾಗಿ ಹಾಕಿಸಲು ಹಣ ಹೆಚ್ಚಾಗುತ್ತದೆಂದು, ಖಾಲಿ ಮುಚ್ಚಳ ಕೂರಿಸಿ, ಎಚ್ಚರಿಕೆಯ ದೀಪವನ್ನೇ ಕೀಳುವುದು ಅಥವಾ ವೈರಿಗೆ ರೆಸಿಸ್ಟರ್ ಸಿಕ್ಕಿಸಿ ಕಾರಿನ ಕಂಪ್ಯೂಟರಿಗೆ ಎಲ್ಲ ಸರಿಯಿದೆ ಎಂಬ ಸುಳ್ಳು ಹೇಳಿಸುವುದು. ಹಳೆಯ ಕಾರು ಕೊಳ್ಳುವವರೇ, ಬಣ್ಣ ನೋಡುವ ಮೊದಲು ಕೀಲಿ ತಿರುಗಿಸಿ ಏರ್‌ಬ್ಯಾಗ್ ದೀಪ ಹೊತ್ತಿ ಆರುತ್ತದೆಯೇ ನೋಡಿ. ಅದು ಹೊತ್ತದಿದ್ದರೆ ಆ ಕಾರು ಬಿಟ್ಟು ಎದ್ದು ಬನ್ನಿ. ಹೊತ್ತಿ ಆರಿದರೂ ಒಳ್ಳೆಯ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿ. ಗ್ಯಾರೇಜಿನವರೇ, ನಿಮ್ಮ ಕೈಯಿಂದ ಇಂಥ ಕೆಲಸ ಆಗಿದ್ದರೆ, ಆ ಕಾರಿನಲ್ಲಿ ಈಗ ಯಾರದೋ ಮನೆಯವರು ಧರ್ಮಸ್ಥಳಕ್ಕೆ ಹೊರಟಿದ್ದಾರೆ.

ದೀಪಗಳ ಬಣ್ಣಕ್ಕೂ ಅರ್ಥವಿದೆ. ಹಸಿರು, ನೀಲಿ ಬರೀ ಸುದ್ದಿ. ಹಳದಿ ಎಂದರೆ ಬೇಗ ತೋರಿಸು ಎಂದು. ಕೆಂಪು ಎಂದರೆ ಸುರಕ್ಷಿತವಾದ ಜಾಗ ಸಿಕ್ಕ ಕೂಡಲೇ ನಿಲ್ಲು ಎಂದು. ಇದರಲ್ಲಿ ಎಣ್ಣೆ ಕುಡಿಕೆಯ ಚಿತ್ರದ ಕೆಂಪು ದೀಪವನ್ನು ಜನ ಆಯಿಲ್ ಸ್ವಲ್ಪ ಕಡಿಮೆಯಾಗಿದೆ, ಊರಿಗೆ ಹೋಗಿ ಹಾಕಿಸೋಣ ಎಂದು ಓದುತ್ತಾರೆ. ಅದು ಹೇಳುವುದು ಆಯಿಲಿನ ಒತ್ತಡ ಬಿದ್ದುಹೋಗಿದೆ ಎಂದು. ಒತ್ತಡವಿಲ್ಲದೆ ಇನ್ನೊಂದೆರಡು ನಿಮಿಷ ಓಡಿಸಿದರೂ ಎಂಜಿನ್ ಕಚ್ಚಿಕೊಳ್ಳಬಹುದು. ಬ್ಯಾಟರಿ ಚಿತ್ರ ಓಡುವಾಗ ಹೊತ್ತಿತೆಂದರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ಸ್ವಲ್ಪವೇ ಹೊತ್ತಿನಲ್ಲಿ ರಾತ್ರಿಯ ದಾರಿಯಲ್ಲಿ ಹೆಡ್‌ಲೈಟ್ ಮಂಕಾಗುತ್ತದೆ. ತಾಪದ ಮುಳ್ಳು ಏರಿದರೆ ಎಂಜಿನ್ ನಿಲ್ಲಿಸಿ ಕಾಯಿರಿ, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಕುದಿಯುವ ನೀರು ಚಿಮ್ಮಿ ಮುಖ ಸುಟ್ಟುಕೊಂಡವರನ್ನು ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ನೆನಪಿಸಿಕೊಳ್ಳುತ್ತಾನೆ. ಹಳದಿಯ ಎಬಿಎಸ್ ದೀಪ ಹೊತ್ತಿದ್ದರೆ ಸಾಮಾನ್ಯ ಬ್ರೇಕ್ ಹಿಡಿಯುತ್ತದೆ, ಆದರೆ ಜಾರುವ ರಸ್ತೆಯಲ್ಲಿ ಚಕ್ರ ಸ್ತಬ್ಧವಾಗದಂತೆ ತಡೆಯುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಆ ವ್ಯವಸ್ಥೆ ಸರಿಯಿರುವಾಗ, ಹಠಾತ್ತಾಗಿ ಬ್ರೇಕ್ ಒತ್ತಿದರೆ ಪೆಡಲ್ ಕಾಲಿನಡಿ ಟಕಟಕನೆ ನಡುಗುತ್ತದೆ. ಹೆದರಿ ಕಾಲು ತೆಗೆಯಬೇಡಿ. ಅದು ಕೆಲಸ ಮಾಡುತ್ತಿರುವ ಗುರುತು. ಒತ್ತಿ ಹಿಡಿದೇ ಸ್ಟಿಯರಿಂಗ್ ತಿರುಗಿಸಿ ಪಾರಾಗಿ.

ಘಟ್ಟದ ರಸ್ತೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಶಿರಾಡಿ, ಚಾರ್ಮಾಡಿ, ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ. ಇಳಿಜಾರಿನಲ್ಲಿ ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಹಾಕುವ, ಇನ್ನೂ ಧೈರ್ಯ ಹೆಚ್ಚಿದವರು ಎಂಜಿನ್ನನ್ನೇ ಆಫ್ ಮಾಡುವ ಚಟ ನಮ್ಮ ಚಾಲಕರಲ್ಲಿ ತಲೆಮಾರುಗಳಿಂದ ಇದೆ. ಹಳೆಯ ಉಸ್ತಾದರು ಕಲಿಸಿದ್ದು. ಇಂದಿನ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸಿಬಿಡುತ್ತವೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಆರದಿರಲು ಇಂಧನ ಸುಡಲೇಬೇಕು. ಉಳಿತಾಯದ ಲೆಕ್ಕವೇ ತಲೆಕೆಳಗು. ಎಂಜಿನ್ ಆರಿಸಿದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಒಂದೆರಡು ಬಾರಿ ಒತ್ತಿದ ಮೇಲೆ ಖಾಲಿ, ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟಿಯರಿಂಗಿನ ನೆರವೂ ಹೋಗುತ್ತದೆ. ಕೀಲಿ ಹೊರತೆಗೆದರೆ ಸ್ಟಿಯರಿಂಗ್ ಬಿಗಿದುಕೊಳ್ಳುವ ಕಾರುಗಳೂ ಇವೆ, ಅದೂ ತಿರುವಿನಲ್ಲಿ. ಉದ್ದದ ಇಳಿಜಾರಿನಲ್ಲಿ ಬ್ರೇಕನ್ನೇ ತುಳಿಯುತ್ತ ಬಂದರೆ ಕಾದು, ಸುಟ್ಟ ವಾಸನೆ ಬಂದು, ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ. ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರಿನಲ್ಲಿ ಬನ್ನಿ, ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ಆಟೊಮ್ಯಾಟಿಕ್ ಗೇರಿನ ಕಾರುಗಳಲ್ಲೂ ಇದಕ್ಕಾಗಿಯೇ ಎಲ್ ಅಥವಾ ಮ್ಯಾನುಯಲ್ ಸ್ಥಾನವಿದೆ. ಅದನ್ನು ಒಮ್ಮೆಯೂ ಮುಟ್ಟದೆ ಘಟ್ಟ ಇಳಿಯುವವರು ಎಷ್ಟೋ ಮಂದಿ.

ಮಳೆಗಾಲದ ಮಲೆನಾಡಿನಲ್ಲಿ ಇನ್ನೆರಡು ತಪ್ಪುಗಳು. ಗಾಜಿಗೆ ಒಳಗಿನಿಂದ ಮಂಜು ಕಟ್ಟಿದಾಗ ಓಡಿಸುತ್ತಲೇ ಬಟ್ಟೆಯಿಂದ ಒರೆಸುತ್ತಾರೆ. ಗಾಳಿಯನ್ನು ಒಳಗೇ ಸುತ್ತಿಸುವ ಗುಂಡಿ ಆರಿಸಿ, ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿದರೆ ನಿಮಿಷದಲ್ಲಿ ತಿಳಿಯಾಗುತ್ತದೆ. ಎರಡನೆಯದು, ಮಂಜು ಬಂತೆಂದು ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡುವುದು. ಆ ಕೆಂಪು ತ್ರಿಕೋನದ ಗುಂಡಿ ಕೆಟ್ಟು ನಿಂತ ಗಾಡಿಗೆ. ಓಡುವ ಕಾರು ಅದನ್ನು ಹಾಕಿದರೆ ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಹಿಂದಿನವನಿಗೆ ತಿಳಿಯುವುದೇ ಇಲ್ಲ. ವೃತ್ತದಲ್ಲಿ ನೇರ ಹೋಗುತ್ತೇನೆ ಎಂದು ಅದನ್ನು ಹಾಕುವುದಂತೂ ಯಾವ ಪುಸ್ತಕದಲ್ಲೂ ಇಲ್ಲ. ಮೀಟರಿನ ನೀಲಿ ದೀಪದ ಕಡೆಗೂ ಒಂದು ಕಣ್ಣಿರಲಿ. ಅದು ಉರಿಯುತ್ತಿದೆ ಎಂದರೆ ನಿಮ್ಮ ಹೈ ಬೀಮ್ ಎದುರಿನವನ ಕಣ್ಣಲ್ಲಿದೆ. 2024ರಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು. ಎದುರಿನ ಬೈಕ್ ಸವಾರನೂ ಯಾರದೋ ಮಗ ಎಂದು ನೆನಪಾಗಲು ಪೊಲೀಸರು ಬೇಕೇ?

2019ರ ಜುಲೈ 1ರಿಂದ ನಮ್ಮಲ್ಲಿ ತಯಾರಾಗುವ ಕಾರುಗಳು ವೇಗ 80 ದಾಟಿದಾಗ ಆಗಾಗ ಬೀಪ್ ಎನ್ನಬೇಕು, 120 ದಾಟಿದರೆ ಬಿಡದೆ ಕೂಗಬೇಕು ಎಂದು ನಿಯಮವಿದೆ. ಅದರ ವೈರ್ ಕತ್ತರಿಸುವುದು ಹೇಗೆಂದು ತೋರಿಸುವ ವಿಡಿಯೋಗಳಿಗೆ ಬರವಿಲ್ಲ. 2022ರಲ್ಲಿ ರಸ್ತೆಯಲ್ಲಿ ಸತ್ತವರಲ್ಲಿ ಶೇ 71.2ರಷ್ಟು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಅದೇ ಸರ್ಕಾರಿ ವರದಿ ಹೇಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಸಾವಿನ ಮೇಲೆ ಸಾವು ಕಂಡು ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೋಗಳನ್ನು ನಿಷೇಧಿಸಿದರು, ವೇಗ ಹಿಡಿಯುವ ಕ್ಯಾಮೆರಾ ತಂದರು. ಕ್ಯಾಮೆರಾ ಕಂಡಾಗ ಕಾಲು ತೆಗೆದು, ದಾಟಿದ ಮೇಲೆ ಮತ್ತೆ ಒತ್ತುವವರು ಯಾರಿಂದ ತಪ್ಪಿಸಿಕೊಳ್ಳುತ್ತಿದ್ದಾರೆ? 100ರ ವೇಗದಲ್ಲಿ ಸ್ಕ್ರೀನಿನ ಮೇಲೆ ಹಾಡು ಹುಡುಕಲು ಎರಡು ಸೆಕೆಂಡು ಕಣ್ಣು ಹೊರಳಿಸಿದರೆ 55 ಮೀಟರ್ ಕುರುಡಾಗಿ ಓಡಿರುತ್ತೀರಿ. ಹಿಂದೆ ಬೆರಳಿಗೇ ಗೊತ್ತಿದ್ದ ಗುಂಡಿಗಳನ್ನೆಲ್ಲ ತಯಾರಕರು ಗಾಜಿನ ಪರದೆಯೊಳಗೆ ಹುಗಿದರು, ನಾವು ಅದನ್ನೇ ಐಷಾರಾಮ ಎಂದು ಹೆಚ್ಚು ಹಣ ಕೊಟ್ಟು ಕೊಂಡೆವು. ಯೂರೋಪಿನ ಸುರಕ್ಷತಾ ಪರೀಕ್ಷೆಯ ಸಂಸ್ಥೆ ಯೂರೋ ಎನ್‌ಕ್ಯಾಪ್, 2026ರಿಂದ ಪೂರ್ಣ ಅಂಕ ಬೇಕಾದರೆ ಇಂಡಿಕೇಟರ್, ಹಜಾರ್ಡ್, ಹಾರ್ನ್, ವೈಪರ್, ತುರ್ತು ಕರೆ ಇವುಗಳಿಗೆ ಕೈಗೆ ಸಿಗುವ ನಿಜವಾದ ಗುಂಡಿ ಇರಲೇಬೇಕೆಂದಿದೆ. 2023ರಲ್ಲಿ ಶುರುವಾದ ನಮ್ಮ ಭಾರತ್ ಎನ್‌ಕ್ಯಾಪ್ ಕೂಡ ಹಾಗೆ ಕೇಳಲಿ.

ಇಷ್ಟೆಲ್ಲ ಬರೆದ ಮೇಲೆ ನನ್ನ ಸಿಟ್ಟಿನ ಬೇರು ಎಲ್ಲಿದೆ ಎಂದು ಹೇಳುತ್ತೇನೆ. ಬಿಡದಿಯಲ್ಲಿ ಕಾರು ತಯಾರಾಗುತ್ತದೆ. ಜಗತ್ತಿನ ದೊಡ್ಡ ದೊಡ್ಡ ವಾಹನ ಕಂಪನಿಗಳಿಗೆ ಬೇಕಾದ ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಕೆಲಸ ಬೆಂಗಳೂರಿನ ಕಚೇರಿಗಳಲ್ಲಿ ನಡೆಯುತ್ತದೆ. ಆದರೆ ಹಾಸನದಿಂದಲೋ ಸಿಂಧನೂರಿನಿಂದಲೋ ಬಂದು, ಕ್ಲೀನರ್ ಆಗಿ ಶುರುಮಾಡಿ, ಸಾಲ ಮಾಡಿ ಹಳದಿ ಬೋರ್ಡಿನ ಕಾರು ಕೊಂಡ ಹುಡುಗ ಗ್ಲೋವ್ ಬಾಕ್ಸ್ ತೆರೆದರೆ ಸಿಗುವ ದಪ್ಪ ಕೈಪಿಡಿ ಇಂಗ್ಲಿಷಿನದು. ಅವನು ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬಲ್ಲ. ನಮ್ಮೆಲ್ಲರ ಜೀವ ಅವನ ಕೈಯಲ್ಲಿದೆ. ಮೀಟರಿನಲ್ಲಿ ಹೊತ್ತಿದ ದೀಪದ ಅರ್ಥವನ್ನು ಅವನ ಭಾಷೆಯಲ್ಲಿ ಅವನಿಗೆ ಯಾರೂ ಹೇಳಿಲ್ಲ. ಡ್ರೈವಿಂಗ್ ಶಾಲೆಯಲ್ಲಿ ಕಲಿಸಿದ್ದು ಎಂಟು ಹಾಕುವುದನ್ನು, ರಿವರ್ಸ್ ತೆಗೆಯುವುದನ್ನು. ರಸ್ತೆ ಬದಿಯ ಫಲಕಗಳ ಪ್ರಶ್ನೆ ಪರೀಕ್ಷೆಯಲ್ಲಿ ಬರುತ್ತದೆ. ಅವನ ಕಣ್ಣೆದುರಿನ ಫಲಕದ ಬಗ್ಗೆ ಹೇಳಿಕೊಡುವುದು ಯಾರಿಗೂ ತಮ್ಮ ಕೆಲಸವೆನಿಸಿಲ್ಲ. ಶೋರೂಮಿನಲ್ಲಿ ಹೂಮಾಲೆ, ಕೇಕು, ಫೋಟೋಗೆ ಅರ್ಧ ಗಂಟೆ ಕೊಡುತ್ತಾರೆ. ಕಾರು ಹಸ್ತಾಂತರಿಸುವವರು ಬ್ಲೂಟೂತ್ ಜೋಡಿಸುವುದನ್ನು ತೋರಿಸುತ್ತಾರೆ, ಎಣ್ಣೆ ಕುಡಿಕೆಯ ದೀಪ ಹೊತ್ತಿದರೆ ಏನು ಮಾಡಬೇಕೆಂದು ಹೇಳುವವರು ವಿರಳ.

ಡ್ರೈವಿಂಗ್ ಶಾಲೆ ನಡೆಸುವವರೇ, ಒಂದು ಪೂರ್ತಿ ಪಾಠವನ್ನು ಮೀಟರಿಗೆ ಮೀಸಲಿಡಿ. ಎಂಜಿನ್ ಶುರು ಮಾಡದೆ, ಪೆಟ್ರೋಲ್ ಸುಡದೆ ಕಲಿಸಬಹುದಾದ ಪಾಠ ಅದು. ಸಾರಿಗೆ ಇಲಾಖೆಯವರೇ, ಲೈಸೆನ್ಸ್ ಪರೀಕ್ಷೆಯಲ್ಲಿ ಈ ದೀಪಗಳ ಪ್ರಶ್ನೆ ಸೇರಿಸಿ, ಟ್ಯಾಕ್ಸಿಗಳ ಎಫ್‌ಸಿ ಮಾಡುವಾಗ ಹಿಂದಿನ ಸೀಟಿನ ಬಕಲ್ಲುಗಳನ್ನು ಎತ್ತಿ ತೋರಿಸಲು ಹೇಳಿ. ಓದುಗರೇ, ನೀವು ಹೊಸ ಕಾರು ಬುಕ್ ಮಾಡುವಾಗ ಕನ್ನಡದ ಕೈಪಿಡಿ ಕೊಡಿ ಎಂದು ಕೇಳಿ. ಬಾಯಿಮಾತಿನಲ್ಲಲ್ಲ, ಬುಕಿಂಗ್ ಅರ್ಜಿಯ ಮೇಲೆ ಬರೆದು ಕೇಳಿ. ಇಲ್ಲ ಎಂದರೆ ಕಂಪನಿಗೆ ಪತ್ರ ಬರೆಯಿರಿ, ನಿಮ್ಮ ಶಾಸಕರಿಗೂ ಒಂದು ಪ್ರತಿ ಕಳುಹಿಸಿ. ಲಕ್ಷಗಟ್ಟಲೆ ಹಣ ಕೊಡುತ್ತಿರುವವರು ನೀವು. ಕೊಡುವವರೆಗೂ ಕೇಳುತ್ತಲೇ ಇರಿ.